ಕೀಲಿ ಅಜ್ಜಾರ ಬೇಸಿಗೆ

ಆ ಮಠದ ಬಾಗಿಲು ದಾಟಿದರೆ ಎಡಗಡೆ ಗೋಡೆಗೆ ಒಂದು ಹಲಗೆ ಇದೆ. ಯಾವುದೋ ಹಳೆಯ ಬಾಗಿಲಿನ ತುಂಡು. ಅದಕ್ಕೆ ಸಾಲಾಗಿ ಮೊಳೆ ಹೊಡೆದು ಕೀಲಿಕೈ ತೂಗುಹಾಕಿದ್ದಾರೆ. ನಾನು ಹೋದ ದಿನ ಸುಮ್ನೆ ಎಣಿಸಿದೆ, 31 ಇದ್ದವು. ಒಂದೊಂದಕ್ಕೂ ಗುರುತಿಗೆ ಬಟ್ಟೆಯ ಚೂರು. ಹಸಿರು ಸೀರೆಯ ಅಂಚು, ಕೆಂಪು ರಿಬ್ಬನ್ನು, ಶಾಲೆಯ ನೀಲಿ ಯೂನಿಫಾರ್ಮಿನ ತುಂಡು. ಇಷ್ಟು ಕೋಣೆಗಳಿವೆಯಾ ಈ ಮಠದಲ್ಲಿ ಅಂದುಕೊಂಡೆ. ಆಮೇಲೆ ನೋಡಿದರೆ ಇರುವುದೇ ಒಂಬತ್ತು ಕೋಣೆ. ಬೀಗ ಹಾಕುವುದು ಒಂದಕ್ಕೆ ಮಾತ್ರ, ಬೆಲ್ಲ ಮತ್ತು ಶೇಂಗಾ ಇಡುವ ಕೋಣೆಗೆ.

ಆ ಕೀಲಿಕೈಗಳೆಲ್ಲ ಊರವರವು.

ಇದು 2023ರ ಬೇಸಿಗೆಯ ಮಾತು. ಆ ವರ್ಷ ಈಸ್ಟರ್ ಏಪ್ರಿಲ್ 9ಕ್ಕೆ ಬಂದಿತ್ತು. ಮರುದಿನವೇ ನಾನು ಚೀಲ ಹಿಡಿದು ಹೋಗಿ ಇಳಿದೆ. ಮೇ 28ರ ಪೆಂತೆಕೋಸ್ತ್ ಹಬ್ಬದವರೆಗೆ ಇರುವುದು ಅಂತ ಮಾತಾಗಿತ್ತು. ಏಳು ವಾರ. ಒಂದು ಅನುವಾದ ಮುಗಿಸಬೇಕಿತ್ತು, ನಿದ್ದೆ ಕೆಟ್ಟು ಆರು ತಿಂಗಳಾಗಿತ್ತು. ಬೆಳಗಾವಿಯಲ್ಲಿ ನನ್ನ ಜೊತೆ ಓದಿದವನೊಬ್ಬ ಈಗ ಫಾದರ್. "ಹೋಗಿ ಇರು, ಅವರು ಏನೂ ಕೇಳಲ್ಲ" ಅಂದ. ಊರಿನ ಹೆಸರು, ಮಠದ ಹೆಸರು ನಾನು ಬರೆಯುವುದಿಲ್ಲ. ಅವರಿಗೆ ಅದು ಬೇಕಾಗಿಲ್ಲ. ವಿಜಯಪುರದಿಂದ ತಿಕೋಟಾ ಕಡೆಯ ದ್ರಾಕ್ಷಿ ಸೀಮೆ ಅಂದರೆ ಸಾಕು.

ನಮ್ಮದು ಲಿಂಗಾಯತರ ಮನೆ. ಮಠ ಅಂದರೆ ನನಗೆ ದಾಸೋಹ, ಜಾತ್ರೆ, ತೇರು, ಗದ್ದಲ. ಕ್ರೈಸ್ತರ ಮಠ ಅಂದರೆ ಕಲ್ಲಿನ ಗೋಡೆ, ಮೇಣದಬತ್ತಿ, ಮಾತಿಲ್ಲದ ಮುಖಗಳು ಅಂತ ಎಲ್ಲೋ ನೋಡಿದ ನೆನಪು. ಇಲ್ಲಿ ಕಂಡದ್ದು ತಗಡಿನ ಮಾಡು, ಕಪ್ಪು ಸಿಂಟೆಕ್ಸ್ ಟ್ಯಾಂಕು, ಎರಡು ಎಮ್ಮೆ, ಇಪ್ಪತ್ತು ಲಿಂಬೆ ಗಿಡ. ಗಂಟೆ ಗೋಪುರ ಇಲ್ಲ. ಬೇವಿನ ಟೊಂಗೆಗೆ ರೈಲು ಹಳಿಯ ತುಂಡು ಕಟ್ಟಿದ್ದಾರೆ. ಕಬ್ಬಿಣದ ಸರಳಿನಿಂದ ಅದನ್ನು ಬಾರಿಸಿದರೆ ಪ್ರಾರ್ಥನೆಯ ಹೊತ್ತಾಯಿತು ಅಂತ.

ಇರುವವರು ನಾಲ್ಕೇ ಜನ. ಹಿರಿಯ ಫಾದರ್ ಕರಾವಳಿಯವರು, ಎಪ್ಪತ್ತು ದಾಟಿದವರು. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಶುಕ್ರವಾರ ಮಾತ್ರ ಮೀನಿನ ನೆನಪಾಗುತ್ತದೆ ಅಂತ ನಗುತ್ತಾರೆ. ಅಡುಗೆಯ ಬ್ರದರ್ ಮುದಗಲ್ ಕಡೆಯವರು. ಖಾನಾಪುರದ ಕಡೆಯಿಂದ ಬಂದ ಒಬ್ಬ ಹುಡುಗ, ಇನ್ನೂ ವ್ರತ ತೊಟ್ಟಿಲ್ಲ. ನಾಲ್ಕನೆಯವರು ಬಾಗಿಲು ನೋಡಿಕೊಳ್ಳುವ ಬ್ರದರ್, ಮೈಸೂರು ಸೀಮೆಯವರು. ಅವರ ಮನೆತನದಲ್ಲಿ ರಾಯಪ್ಪ, ಚಿನ್ನಪ್ಪ, ಚೌರಪ್ಪ, ಇನ್ನಾಸಪ್ಪ ಅಂತೆಲ್ಲ ಹೆಸರು. ರಾಯಪ್ಪ ಅಂದರೆ ಸಂತ ಪೇತ್ರ, ಚಿನ್ನಪ್ಪ ಅಂದರೆ ಸಂತ ಪೌಲ ಅಂತ ಅವರು ಒಮ್ಮೆ ಕಟ್ಟೆಯ ಮೇಲೆ ಕುಳಿತು ವಿವರಿಸಿದ್ದರಂತೆ. "ನಮ್ಮ ಓಣ್ಯಾಗ ಮೂರು ಮಂದಿ ರಾಯಪ್ಪ ಅದಾರ್ರಿ, ಒಬ್ಬನೂ ಸಂತ ಅಲ್ಲ" ಅಂದರಂತೆ ಊರವರು. ಈ ಸೀಮೆಯಲ್ಲಿ ಮಠದ ಸ್ವಾಮಿಗಳಿಗೆ ಅಜ್ಜಾರು ಅನ್ನುತ್ತಾರೆ. ಹಾಗಾಗಿ ಬಾಗಿಲ ಬ್ರದರ್ ಇಡೀ ಊರಿಗೆ ಕೀಲಿ ಅಜ್ಜಾರು.

ಕಾವಿ ಉಡದ ಇವರಿಗೆ ಅಜ್ಜಾರು ಅನ್ನಲು ಮೊದಮೊದಲು ಊರವರಿಗೂ ಹಿಂಜರಿಕೆ ಇತ್ತಂತೆ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಫಾದರ್‌ಗಳು ಕಾವಿ ಉಟ್ಟು, ಸಸ್ಯಾಹಾರ ಉಂಡು, ವಿರಕ್ತಮಠ ಅನ್ನುವ ಹೆಸರಿನಲ್ಲೇ ಇದ್ದಾರೆ. ಅದನ್ನು ನೋಡಿ ಬಂದ ಒಬ್ಬ ಗೌಡರು "ನೀವ್ಯಾಕ ಹಂಗ ಮಾಡಂಗಿಲ್ರಿ?" ಅಂತ ಕೇಳಿದರಂತೆ. "ಇದೇ ಬಿಳಿ ಬಟ್ಟೆ ತೊಳೆಯಾಕ ನೀರಿಲ್ಲ, ಬಣ್ಣ ಎಲ್ಲಿ ಹಾಕೂಣು" ಅಂದರಂತೆ ಅಡುಗೆಯ ಬ್ರದರ್.

ನನ್ನ ಕೋಣೆಯ ಗೂಡಿನಲ್ಲಿ ಸಂತ ಬೆನೆಡಿಕ್ಟರ ನಿಯಮದ ಸಣ್ಣ ಪುಸ್ತಕ ಇತ್ತು. 6ನೇ ಶತಮಾನದ ಇಟಲಿಯಲ್ಲಿ ಬರೆದದ್ದು, 73 ಅಧ್ಯಾಯ. ಈ ಮಠದವರು ನಡೆಯುವುದು ಅದರ ಪ್ರಕಾರ. ಉಪದೇಶ ತುಂಬಿರುತ್ತದೆ ಅಂದುಕೊಂಡು ತೆರೆದೆ. ಇದೆ, ಇಲ್ಲ ಅಂತಲ್ಲ. ಆದರೆ ನನ್ನನ್ನು ಹಿಡಿದದ್ದು ಬೇರೆ. ಆ ಮನುಷ್ಯ ಬೇಸಿಗೆಯ ಬಗ್ಗೆ ಎಷ್ಟೊಂದು ಯೋಚನೆ ಮಾಡಿದ್ದಾರೆ! ಬೇಸಿಗೆಯಲ್ಲಿ ರಾತ್ರಿ ಚಿಕ್ಕದು, ಆದ್ದರಿಂದ ರಾತ್ರಿಯ ಪ್ರಾರ್ಥನೆಯಲ್ಲಿ ದೊಡ್ಡ ಪಾಠಗಳನ್ನು ಬಿಟ್ಟುಬಿಡಿ. ಹೊಲದ ಕೆಲಸ ಇದ್ದರೆ, ಸೆಕೆ ಜಾಸ್ತಿ ಇದ್ದರೆ ಉಪವಾಸದ ದಿನವೂ ಮಧ್ಯಾಹ್ನವೇ ಉಣ್ಣಿ. ಮೇಲಂಗಿ ಚಳಿಗೆ ದಪ್ಪದ್ದು, ಬೇಸಿಗೆಗೆ ತೆಳ್ಳಗಿನದು ಇಲ್ಲವೆ ಸವೆದದ್ದು. ಮಧ್ಯಾಹ್ನ ಉಂಡ ಮೇಲೆ ಎಲ್ಲರೂ ಸದ್ದು ಮಾಡದೆ ಮಲಗಿ. ಯಾರಿಗಾದರೂ ಓದಬೇಕೆನಿಸಿದರೆ ಪಕ್ಕದವರಿಗೆ ತೊಂದರೆಯಾಗದಂತೆ ಓದಿಕೊಳ್ಳಿ. ನಮ್ಮ ಅವ್ವ ಬರೆದಿದ್ದರೂ ಹೀಗೇ ಬರೆಯುತ್ತಿದ್ದಳು ಅನಿಸಿತು.

ಬಿಸಿಲು 40ರ ಆಸುಪಾಸಿಗೆ ಬಂದಾಗ ಇಲ್ಲಿ ದಿನದ ಲೆಕ್ಕವೇ ಬೇರೆ. ನಸುಕಿನ ನಾಲ್ಕಕ್ಕೆ ಹಳಿ ಬಾರಿಸುತ್ತಾರೆ. ಕೀರ್ತನೆ, ಬಲಿಪೂಜೆ ಎಲ್ಲ ಮುಗಿಯುವಾಗ ಸೂರ್ಯ ಇನ್ನೂ ಕೆಂಪಗಿರುತ್ತಾನೆ. ಕೆಲಸ ಏನಿದ್ದರೂ ಹತ್ತರೊಳಗೆ. ಎಮ್ಮೆ, ಲಿಂಬೆ, ಹಿತ್ತಲಿನ ಪುಂಡಿಪಲ್ಯ. ಮಧ್ಯಾಹ್ನ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಚರಿಗೆ ತುಂಬ ಮಜ್ಜಿಗೆ. ಉಣ್ಣುವಾಗ ಮಾತಿಲ್ಲ, ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಆ ಹುಡುಗನ ಪಾಳಿ ಬಂದ ದಿನ ಓದು ಬೇಗ ಮುಗಿಯುತ್ತಿತ್ತು. ಅವನಿಗೆ ಹಸಿವು ಜಾಸ್ತಿ.

ನಾನು ಹೋದ ಮೊದಲ ವಾರ ರಾತ್ರಿ ಎರಡಕ್ಕೆ ಎಚ್ಚರವಾಯಿತು. ಕಿಟಕಿಯಲ್ಲಿ ನೋಡಿದರೆ ಟಾರ್ಚ್ ಬೆಳಕು. ಹಿರಿಯ ಫಾದರ್ ಲುಂಗಿ ಎತ್ತಿಕಟ್ಟಿ ನಿಧಾನಕ್ಕೆ ನಡೆದು ಹೋಗುತ್ತಿದ್ದಾರೆ. ಜಗತ್ತು ಮಲಗಿರುವಾಗ ಏಳುವ ಸನ್ಯಾಸಿಗಳ ಬಗ್ಗೆ ಆಗಷ್ಟೇ ಓದಿದ್ದೆ. ಮೈ ಜುಂ ಅಂದಿತು. ಯಾರಿಗೂ ಹೇಳದೆ ಒಂಟಿಯಾಗಿ ಪ್ರಾರ್ಥನೆಗೆ ಹೋಗುತ್ತಿದ್ದಾರೆ ಅಂತ ಡೈರಿಯಲ್ಲಿ ಅರ್ಧ ಪುಟ ಬರೆದೂಬಿಟ್ಟೆ. ಬೆಳಿಗ್ಗೆ ಗೊತ್ತಾಯಿತು, ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿತ್ತು. ಬೋರಿನ ಮೋಟಾರು ಚಾಲೂ ಮಾಡಲು ಎದ್ದಿದ್ದರು. ಈ ಸೀಮೆಯ ಯಾವ ರೈತನೂ ಎರಡು ಗಂಟೆಗೆ ಏಳುತ್ತಾನೆ. ಅವನ ಬಗ್ಗೆ ನಾನು ಎಂದೂ ಅರ್ಧ ಪುಟ ಬರೆದಿರಲಿಲ್ಲ.

ನೀರಿನ ವಿಷಯದಲ್ಲಿ ನನ್ನದೇ ಒಂದು ಪಾಪ ಇದೆ, ಹೇಳಿಬಿಡುತ್ತೇನೆ. ಒಂದು ಸಂಜೆ ನಲ್ಲಿ ತಿರುಗಿಸಿದೆ, ನೀರು ಬರಲಿಲ್ಲ. ಹಾಗೇ ಬಿಟ್ಟು ಬಂದೆ. ರಾತ್ರಿ ಮೋಟಾರು ಓಡಿದೆ, ಟ್ಯಾಂಕು ತುಂಬಿದೆ, ನನ್ನ ನಲ್ಲಿಯಿಂದ ಬೆಳಗಿನವರೆಗೂ ಸುರಿದಿದೆ. ಟ್ಯಾಂಕು ಖಾಲಿ. ತಪ್ಪು ಮಾಡಿದವನು ತಾನೇ ಮುಂದೆ ಬಂದು ಎಲ್ಲರೆದುರು ಹೇಳಬೇಕು ಅಂತ ಆ ನಿಯಮದ ಪುಸ್ತಕದಲ್ಲಿತ್ತು. ಅತಿಥಿಗೆ ಅದು ಲಾಗು ಆಗುತ್ತದೋ ಇಲ್ಲವೋ. ಊಟದ ಹೊತ್ತಿಗೆ ಎದ್ದು ನಿಂತು ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುವ ಸದ್ದು ಮಾತ್ರ. ಆಮೇಲೆ ಅಡುಗೆಯ ಬ್ರದರ್ ಮೆಲ್ಲಗೆ ಅಂದರು: "ಆ ಗಟಾರು ಲಿಂಬಿ ಗಿಡಕ್ಕ ಹೋಗತೈತ್ರಿ. ಗಿಡಕ್ಕ ಈಸ್ಟರ್ ಎರಡನೇ ಸಲ ಆತು." ಆ ದಿನ ಯಾರೂ ಸ್ನಾನ ಮಾಡಲಿಲ್ಲ. ನಾನು ಮತ್ತು ಹುಡುಗ ಊರ ಬಾವಿಯಿಂದ ಹದಿನಾಲ್ಕು ಕೊಡ ಹೊತ್ತೆವು. ಏಳನೇ ಕೊಡಕ್ಕೆ ನನಗೆ ಬಸವಣ್ಣನ ಕಾಯಕ, ಬೆನೆಡಿಕ್ಟರ ದುಡಿಮೆ, ಎರಡನ್ನೂ ಹೋಲಿಸುವ ಒಂದು ಒಳ್ಳೆ ಲೇಖನ ಹೊಳೆಯಿತು. ಹುಡುಗನಿಗೆ ಹೇಳತೊಡಗಿದೆ. "ಸರ್, ಕೊಡ ಸೊಟ್ಟ ಆಗ್ಯದ ನೋಡ್ರಿ, ನೀರು ಚೆಲ್ಲಾಕತ್ತಾವು" ಅಂದ.

ಮೋಟಾರಿನ ಸಾಮಾನು ತರಲು ಒಮ್ಮೆ ಅವನ ಜೊತೆ ವಿಜಯಪುರಕ್ಕೆ ಹೋದೆ. ಅಂಗಡಿ ತೆರೆಯುವ ತನಕ ತಾಜ್ ಬಾವಡಿಯ ಮೆಟ್ಟಿಲ ಬಳಿ ಕಾದೆವು. 1620ರಲ್ಲಿ ಕಟ್ಟಿದ ಬಾವಿ. ಒಂದು ಊರಿಗಾಗುವಷ್ಟು ದೊಡ್ಡದು. ಮಠ ಕಟ್ಟುವಾಗ ನೀರು, ಹಿಟ್ಟಿನ ಗಿರಣಿ, ತೋಟ ಎಲ್ಲ ಒಳಗೇ ಇರಲಿ, ಸನ್ಯಾಸಿಗಳು ಹೊರಗೆ ಅಲೆಯುವ ಕಾರಣ ಬರಬಾರದು ಅಂತ ಬೆನೆಡಿಕ್ಟರು ಬರೆದಿದ್ದಾರೆ. ಆದಿಲಶಾಹಿಗಳೂ ಕೋಟೆಯೊಳಗೆ ನೀರು ತರಲು ಏನೆಲ್ಲ ಮಾಡಿದ್ದರು. ನಾವು ಮಾತ್ರ ಒಂದು ಸ್ಟಾರ್ಟರಿಗೆ ಮೂವತ್ತು ಕಿಲೋಮೀಟರ್ ಬಂದಿದ್ದೆವು.

ಹನ್ನೆರಡನೇ ದಿನಕ್ಕೋ ಹದಿಮೂರಕ್ಕೋ ನನಗೆ ಸಾಕಾಯಿತು.

ಯಾಕೆ ಅಂತ ಕೇಳಿದರೆ ಹೇಳಲು ಏನೂ ಇಲ್ಲ. ಬೆಳಿಗ್ಗೆ ಹತ್ತಾಗುತ್ತದೆ. ಅನುವಾದದ ಹಾಳೆ ಮುಂದಿರುತ್ತದೆ. ಹೊರಗೆ ಬಿಳಿ ಬಿಸಿಲು. ಒಂದು ಸಾಲು ಬರೆದು ಗಡಿಯಾರ ನೋಡಿದರೆ ಹತ್ತೂ ಐದು. ಕಿಟಕಿಗೆ ಹೋಗಿ ನಿಲ್ಲುವುದು. ರಸ್ತೆಯಲ್ಲಿ ಯಾರಾದರೂ ಬರುತ್ತಾರಾ ನೋಡುವುದು. ಬೇರೆ ಕಡೆ ಹೋಗಿದ್ದರೆ ಎಷ್ಟು ಚೆನ್ನಾಗಿ ಕೆಲಸ ಆಗುತ್ತಿತ್ತು, ಈ ಜನಕ್ಕೆ ನನ್ನ ಮೇಲೆ ಪ್ರೀತಿಯೇ ಇಲ್ಲ, ಇವತ್ತೇ ಹೊರಡೋಣ. ಹಿರಿಯ ಫಾದರ್ ಹತ್ತಿರ ಇದನ್ನು ಅರ್ಧಂಬರ್ಧ ಹೇಳಿದೆ. ಅವರು ನಕ್ಕರು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಅನ್ನುವ ಸನ್ಯಾಸಿ ಇದನ್ನೇ ಬರೆದಿಟ್ಟಿದ್ದಾರಂತೆ. ಹತ್ತು ಗಂಟೆ ಹೊತ್ತಿಗೆ ಬಂದು ಎರಡರವರೆಗೆ ಕಾಡುವ ಒಂದು ದೆವ್ವ. ಸೂರ್ಯ ಅಲ್ಲಾಡುತ್ತಲೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದೆ ಅನ್ನುವ ಹಾಗೆ ಮಾಡುತ್ತದೆ. ಕಿಟಕಿ ಕಡೆಗೆ ಎಬ್ಬಿಸುತ್ತದೆ. ಇರುವ ಜಾಗದ ಮೇಲೆ, ಮಾಡುವ ಕೆಲಸದ ಮೇಲೆ ಹೇಸಿಗೆ ಹುಟ್ಟಿಸುತ್ತದೆ. ನಡುಹಗಲಿನ ದೆವ್ವ ಅಂತಲೇ ಅದರ ಹೆಸರು.

ನನಗೆ ನಮ್ಮ ಆಯಿ ನೆನಪಾದಳು. ಬೇಸಿಗೆ ರಜೆಯಲ್ಲಿ ನಾವು ಮಧ್ಯಾಹ್ನ ಹೊರಗೆ ಓಡಿದರೆ, "ಹುಣಸಿ ಗಿಡದ ಕಡೆ ಹೋಗಬ್ಯಾಡ್ರೋ, ನಡು ಮಧ್ಯಾಹ್ನ ದೆವ್ವ ಅಡ್ಡಾಡ್ತಾವು" ಅಂತ ಕೂಗುತ್ತಿದ್ದಳು. ಅವಳ ದೆವ್ವ ಹೊರಗೆ ಹೋದವರನ್ನು ಹಿಡಿಯುತ್ತಿತ್ತು. ಇವಾಗ್ರಿಯಸರ ದೆವ್ವ ಒಳಗೆ ಕುಳಿತವರನ್ನು ಹಿಡಿದು ಹೊರಗೆ ತಳ್ಳುತ್ತದೆ. ಎರಡೂ ಒಂದೇ ಹೊತ್ತಿನವು.

ಆದರೂ ಮರುದಿನ ಚೀಲ ಕಟ್ಟಿದೆ. ಬಾಗಿಲಲ್ಲಿ ಕೀಲಿ ಅಜ್ಜಾರು ಕುಳಿತಿದ್ದರು. ತಡೆಯಲಿಲ್ಲ. "ಒಂದೂವರಿ ಬಸ್ಸಿಗೇನ್ರಿ?" ಅಂದರು. ಹೌದು ಅಂದೆ. "ಸಾಲಿ ಸೂಟಿ ಐತಲ್ರಿ, ಆ ಬಸ್ ಬರಂಗಿಲ್ಲ ಈಗ. ನಾಳೆ ಮುಂಜಾನೆ ಐತಿ." ಮೈಸೂರಿನ ಮನುಷ್ಯ, ಮಾತು ಪೂರ್ತಿ ಇಲ್ಲಿನದಾಗಿಬಿಟ್ಟಿದೆ. ಚೀಲ ಇಟ್ಟು ಅವರ ಪಕ್ಕ ಕಟ್ಟೆಯ ಮೇಲೆ ಕುಳಿತೆ. ಕೀಲಿಕೈಗಳ ಕಥೆ ನನಗೆ ಸರಿಯಾಗಿ ಗೊತ್ತಾದದ್ದು ಆ ಮಧ್ಯಾಹ್ನ.

ಸುಗ್ಗಿ ಮುಗಿದರೆ ಈ ಊರುಗಳು ಗುಳೆ ಹೋಗುತ್ತವೆ. ಗೋವಾದಲ್ಲಿ ಕಟ್ಟಡದ ಕೆಲಸ, ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವುದು, ಮಂಗಳೂರಲ್ಲಿ ರಸ್ತೆ ಕೆಲಸ. ಗಂಡ, ಹೆಂಡತಿ, ಮಕ್ಕಳು, ಕೆಲವೊಮ್ಮೆ ನಾಯಿ ಕೂಡ. ಮನೆಯಲ್ಲಿ ಮುದುಕರಿದ್ದರೆ ಮನೆ ತೆರೆದಿರುತ್ತದೆ. ಇಲ್ಲವೆ ಬೀಗ. ಹತ್ತಿಪ್ಪತ್ತು ವರ್ಷದ ಹಿಂದೆ ಒಬ್ಬ ಹೆಂಗಸು, ಗೋವಾದಲ್ಲಿ ಕೀಲಿಕೈ ಕಳೆದುಹೋಗುತ್ತದೆ ಅಂತ ಇವರ ಕೈಗೆ ಕೊಟ್ಟು ಹೋದಳಂತೆ. ಮರುವರ್ಷ ಅವಳ ಓಣಿಯ ಐದು ಮನೆಯವರು ಬಂದರು. ಹಾಗೇ ಬೆಳೆಯಿತು. ಮಠದವರು ಯಾರ ಮನೆಯನ್ನೂ ತೆರೆಯುವುದಿಲ್ಲ, ಗುಡಿಸುವುದಿಲ್ಲ. ಕೀಲಿಕೈ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಅದಕ್ಕೊಂದು ನೋಟ್‌ಬುಕ್ ಕೂಡ ಇಲ್ಲ.

"ನಿಮಗೇ ಯಾಕೆ ಕೊಡ್ತಾರೆ?" ಅಂತ ಕೇಳಿದೆ. ದೊಡ್ಡ ಉತ್ತರವೇನಾದರೂ ಬರುತ್ತದೆ ಅಂತ ಆಸೆ ಇತ್ತು.

"ನಾವು ಎಲ್ಲೂ ಹೋಗಂಗಿಲ್ಲಲ್ರಿ" ಅಂದರು.

ಅದು ಅವರ ವ್ರತ. ಬೆನೆಡಿಕ್ಟರ ದಾರಿಯ ಸನ್ಯಾಸಿ ಮಠಕ್ಕೆ ಸೇರುವಾಗ ವಿಧೇಯತೆಯ ಜೊತೆ ಇನ್ನೊಂದು ಮಾತು ಕೊಡುತ್ತಾನೆ. ಈ ಒಂದೇ ಮಠದಲ್ಲಿ, ಈ ಜನರ ಜೊತೆ, ಸಾಯುವವರೆಗೂ ಇರುತ್ತೇನೆ ಅಂತ. ಊರಿಂದೂರಿಗೆ ಹೋಗಿ ಮೂರ್ನಾಲ್ಕು ದಿನ ಅತಿಥಿಯಾಗಿ ಉಂಡು ಮುಂದೆ ಹೋಗುವ ಸನ್ಯಾಸಿಗಳೆಂದರೆ ಬೆನೆಡಿಕ್ಟರಿಗೆ ಆಗುತ್ತಿರಲಿಲ್ಲ. ಮೊದಲ ಅಧ್ಯಾಯದಲ್ಲೇ ಅವರನ್ನು ಎಲ್ಲರಿಗಿಂತ ಕೆಟ್ಟವರು ಅಂತ ಬೈದಿದ್ದಾರೆ. ನನಗೆ ಇದು ಒಗ್ಗಲಿಲ್ಲ. ನಾನು ಬೆಳೆದದ್ದು ಇದರ ತಿರುವುಮುರುವು ಕೇಳಿ. ನಿಂತದ್ದಕ್ಕೆ ಅಳಿವಿದೆ, ನಡೆಯುವುದಕ್ಕೆ ಇಲ್ಲ ಅಂತ ಬಸವಣ್ಣ ಹೇಳಿದ್ದನ್ನು ನಮ್ಮಲ್ಲಿ ಮಕ್ಕಳೂ ಹೇಳುತ್ತಾರೆ. ಜಂಗಮ ಅಂದರೆ ಊರೂರು ತಿರುಗುವವನು. ಒಂದೇ ಊರಲ್ಲಿ ಬೇರು ಬಿಟ್ಟರೆ ಮೋಹ ಹತ್ತುತ್ತದೆ, ಅಲ್ವಾ? ಹಾಗಂತ ವಾದ ಮಾಡಿದೆ. ಅಜ್ಜಾರು ಸಾವಧಾನವಾಗಿ ಕೇಳಿದರು. ಆಮೇಲೆ ನನ್ನ ಮನೆ ಎಲ್ಲಿ ಅಂತ ಕೇಳಿದರು.

ಬಾಗಲಕೋಟೆ ಅಂದೆ. ಹಳೆ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಬಂದಾಗ ನಮ್ಮ ಓಣಿ ಹೋಯಿತು, ನಾವು ನವನಗರಕ್ಕೆ ಬಂದೆವು. ಆ ಮನೆಯ ಕೀಲಿಕೈ ಅವ್ವನ ಟ್ರಂಕಿನಲ್ಲಿ ಈಗಲೂ ಇದೆ. ಇದನ್ನು ನಾನು ಯಾರಿಗೂ ಹೇಳಿದವನಲ್ಲ. ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಲಿಂಬೆ ಶರಬತ್ತು ತಂದುಕೊಟ್ಟರು. ಮರುದಿನ ಮುಂಜಾನೆಯ ಬಸ್ಸಿಗೆ ನಾನು ಹೋಗಲಿಲ್ಲ.

ಏಪ್ರಿಲ್ 23ಕ್ಕೆ ಬಸವ ಜಯಂತಿ. ಊರ ಮೆರವಣಿಗೆಗೆ ಮಠದ ಎದುರು ನೀರು, ಬೆಲ್ಲ ಇಟ್ಟಿದ್ದರು. ಎತ್ತುಗಳಿಗೆ ಹುಡುಗ ಜೋಳದ ಹಿಟ್ಟಿನ ಉಂಡೆ ತಿನ್ನಿಸಿದ. ಆ ವರ್ಷ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೀರಿಕೊಂಡಿದ್ದರು. ಕಟ್ಟೆಯ ಮೇಲೆ ಎಲ್ಲಿ ಕುಳಿತರೂ ಅವರದೇ ಮಾತು. ಜೇಬಿಲ್ಲದ ಅಂಗಿ ಹಾಕುತ್ತಿದ್ದ ಸ್ವಾಮಿಗಳು. ಒಬ್ಬ ಮುದುಕ ಕೀಲಿ ಅಜ್ಜಾರ ನಿಲುವಂಗಿ ತೋರಿಸಿ, "ಇವರದು ನೋಡ್ರಿ, ಎರಡು ಕಿಸೆ" ಅಂದ. ಅಜ್ಜಾರು ಎರಡೂ ಕಿಸೆ ಹೊರಗೆ ತೆಗೆದು ಜಾಡಿಸಿದರು. ಒಂದರಿಂದ ಜಪಮಾಲೆ ಬಿತ್ತು, ಇನ್ನೊಂದರಿಂದ ಮೂರು ಕೀಲಿಕೈ. ಮೊಳೆ ಸಾಲದೆ ಉಳಿದವು.

ಗುಳೆ ಹೋಗದೆ ಉಳಿದವರಿಗೆ ಒಣದ್ರಾಕ್ಷಿಯ ಕೆಲಸ. ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಮೇಲಿಂದ ಮೇಲೆ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಸುಮಾರು ಹದಿನೈದು ದಿನ ನೆರಳಲ್ಲಿ ಗಾಳಿಗೆ ಒಣಗಬೇಕು. ಅಷ್ಟರೊಳಗೆ ಮಳೆ ಹೊಡೆದರೆ ವರ್ಷದ ದುಡ್ಡು ಕಪ್ಪಾಗಿ ಹೋಯಿತು. ಒಂದು ಸಂಜೆ ಪಡುವಣದಲ್ಲಿ ಮೋಡ ಎದ್ದಿತು. ಹಳಿ ಬಾರಿಸಿ ಎಲ್ಲರೂ ಸಂಜೆಯ ಕೀರ್ತನೆಗೆ ನಿಂತಿದ್ದರು. ಎರಡು ಪೋರರು ಕೂಗುತ್ತ ಓಡಿ ಬಂದರು. ಹಿರಿಯ ಫಾದರ್ ಪುಸ್ತಕ ಮುಚ್ಚಿದರು. ನಾವು ಐವರೂ ಓಡಿ ತಾಡಪತ್ರಿ ಎಳೆದೆವು. ಗಾಳಿಗೆ ತಾಡಪತ್ರಿ ನನ್ನನ್ನೇ ಎಳೆದುಕೊಂಡು ಹೋಗುತ್ತಿತ್ತು. ಹಿಂದಿರುಗುವಾಗ, ದೇವರ ಕೆಲಸಕ್ಕಿಂತ ಯಾವುದನ್ನೂ ಮುಂದಿಡಬಾರದು ಅಂತ ನಿಯಮದಲ್ಲಿದೆಯಲ್ಲ ಅಂತ ಕೆಣಕಿದೆ. "ಕೀರ್ತನೆ ಎಲ್ಲಿಗೂ ಓಡುವುದಿಲ್ಲ ಮಾರಾಯ್ರೆ" ಅಂದರು ಫಾದರ್, ಏದುಸಿರು ಬಿಡುತ್ತ. ಮಳೆ ನಾಲ್ಕು ಹನಿ ಬಿದ್ದು ಹೋಯಿತು.

ಮೇ 10ಕ್ಕೆ ವಿಧಾನಸಭೆ ಚುನಾವಣೆ. ಎರಡು ದಿನ ಮುಂಚೆಯೇ ಗೋವಾದಿಂದ, ಪುಣೆಯಿಂದ ಗಾಡಿಗಳು ಬರತೊಡಗಿದವು. ಗಾಡಿಯ ಬಾಡಿಗೆ ಯಾರು ಕೊಟ್ಟರು ಅನ್ನುವುದು ಬೇಡ. ನಡುರಾತ್ರಿ ಮಠದ ಬಾಗಿಲು ತಟ್ಟುತ್ತಿದ್ದರು. ರಾತ್ರಿಯ ಪ್ರಾರ್ಥನೆ ಆದ ಮೇಲೆ ಬೆಳಗಿನವರೆಗೆ ಯಾರೂ ಮಾತಾಡುವಂತಿಲ್ಲ. ಅಜ್ಜಾರು ಮಾತಾಡದೆ ಲಾಟೀನು ಎತ್ತಿ ಮುಖ ನೋಡುತ್ತಾರೆ, ಹಲಗೆಯಿಂದ ಸರಿಯಾದ ಕೀಲಿಕೈ ತೆಗೆದು ಕೊಡುತ್ತಾರೆ. ಒಮ್ಮೆಯೂ ತಪ್ಪಲಿಲ್ಲ. 31ರಲ್ಲಿ ನಾಲ್ಕು ಉಳಿದವು. ಊರಲ್ಲಿ ದೀಪ, ಒಲೆ, ಜಗಳ, ನಗು. 11ಕ್ಕೆ ಗಾಡಿಗಳು ಹೊರಟವು. ಸಂಜೆ ಹೊತ್ತಿಗೆ ಹಲಗೆ ಮತ್ತೆ ತುಂಬಿತು. ಒಂದೆರಡು ಬಟ್ಟೆಯ ಚೂರು ಬದಲಾಗಿದ್ದವು. ಆ ರಾತ್ರಿ ಊರು ಎಷ್ಟು ಸುಮ್ಮನಿತ್ತೆಂದರೆ, ಮಠವೇ ಗದ್ದಲದ ಜಾಗ ಅನಿಸಿತು.

ನಿದ್ದೆಯ ವಿಷಯ ಮರೆತೆ. ಬರುತ್ತಿತ್ತು. ಯಾವಾಗಿನಿಂದ ಅಂತ ಲೆಕ್ಕ ಇಟ್ಟಿಲ್ಲ. ಅನುವಾದ ಮಾತ್ರ ಮುಗಿಯಲಿಲ್ಲ.

ರೋಹಿಣಿ ಮಳೆ ಆ ವರ್ಷ ಒಂದೇ ಸಲ ಚೆನ್ನಾಗಿ ಹೊಡೆಯಿತು, ನಾನು ಹೊರಡುವ ಹಿಂದಿನ ದಿನ. ಮಣ್ಣಿನ ವಾಸನೆ ಇನ್ನೂ ಇತ್ತು. ಸಂಜೆಗೆ ಗಂಡ ಹೆಂಡತಿ ಇಬ್ಬರು ಬಂದರು, ತಲೆಯ ಮೇಲೆ ಗಂಟು. ಮಳೆಯ ಸುದ್ದಿ ಫೋನಿನಲ್ಲಿ ಬಂತು, ಬಿತ್ತನೆಗೆ ಹೊಲ ಹದ ಮಾಡಬೇಕು ಅಂದರು. ಅಜ್ಜಾರು ನೀಲಿ ಬಟ್ಟೆಯ ಕೀಲಿಕೈ ಕೊಟ್ಟರು. ಅವರು ಹೋದರು, ಹತ್ತು ನಿಮಿಷಕ್ಕೆ ವಾಪಸ್ ಬಂದರು. ಬೀಗ ತುಕ್ಕು ಹಿಡಿದಿದೆ, ತೆರೆಯುತ್ತಿಲ್ಲ. ಅಜ್ಜಾರು ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಹೊರಟರು. ನಾನೂ ಹೋದೆ.

ಬೀಗಕ್ಕೆ ಎಣ್ಣೆ ಬಿಟ್ಟು, ಕೀಲಿಕೈ ಹಾಕಿ, ಅಲ್ಲಾಡಿಸಿ, ಮತ್ತೆ ಎಣ್ಣೆ ಬಿಟ್ಟು. ಅಷ್ಟರಲ್ಲಿ ಬೇವಿನ ಕಡೆಯಿಂದ ಹಳಿ ಬಾರಿಸಿದ ಸದ್ದು. ಅಜ್ಜಾರು ಒಂದು ಕ್ಷಣ ನಿಂತರು. ಆಮೇಲೆ ಬಾಟಲಿ ನನ್ನ ಕೈಗೆ ತುರುಕಿ, "ನೀವು ನೋಡ್ರಿ ಇಷ್ಟು" ಅಂತ ನಿಲುವಂಗಿ ಎತ್ತಿ ಹಿಡಿದ ಎಪ್ಪತ್ತರ ಮುದುಕ ಓಣಿಯುದ್ದಕ್ಕೂ ಓಡಿದರು. ನಾನು ನೋಡಿದೆ. ತಿರುಗಿಸಿದೆ, ಊದಿದೆ, ಮೊಳೆ ಹಾಕಿ ಕೆರೆದೆ. ಕೈಯೆಲ್ಲ ಎಣ್ಣೆ. ಬೀಗ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಸರೀರಿ ಅಣ್ಣಾರ" ಅಂದಳು ಆ ಹೆಂಗಸು. ಅಂಗಳದಿಂದ ಒಂದು ಕಲ್ಲು ತಂದು ಎರಡು ಏಟು ಹಾಕಿದಳು. ಬೀಗ ತೆರೆದುಕೊಂಡು ಕೆಳಗೆ ಬಿತ್ತು. ಅವಳು ಕೀಲಿಕೈ ನನ್ನ ಕೈಗೆ ವಾಪಸ್ ಕೊಟ್ಟಳು. "ಅಜ್ಜಾರಿಗೆ ಕೊಡ್ರಿ, ಹಲಗ್ಯಾಗ ಇರಲಿ. ಹೊಸ ಕೀಲಿ ತಗೊಂಡ ಮ್ಯಾಲ ಬದಲ್ ಮಾಡೂಣು."